ಉಳಿಕೆಯ ವಾಕ್ಯ

“ಬೀಗದಕೈ ನನ್ನ ಹತ್ರಾನೇ ಇದೆಯಮ್ಮ. ತೆಗೆಯೋ ಅಧಿಕಾರ ಇಲ್ಲ, ಅಷ್ಟೆ,” ಎಂದು ಕಾವಲುಗಾರ ಮೂರನೆಯ ಸಲ ಹೇಳಿದಾಗ ಮಗಳು ಸ್ಮಶಾನದ ಗೇಟಿನ ಕಂಬಿಗಳನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದಳು. ತುಕ್ಕು ಉದುರಿ ಅವಳ ಮೊಣಕೈ ಮೇಲೆ ಬಿತ್ತೇ ಹೊರತು ಗೇಟು ಅಲುಗಲಿಲ್ಲ. ಹಿಂದೆ, ಬಾಗಿಲು ತೆರೆದ ವ್ಯಾನಿನಲ್ಲಿ ಅಪ್ಪ ಮಲಗಿದ್ದ. ಸತ್ತು ಒಂದು ದಿನದ ಮೇಲಾಗಿತ್ತು. ಬಿಸಿಲು ನೆತ್ತಿಗೆ ಬರುತ್ತಿತ್ತು. ನಾಲ್ಕು ಗಂಟೆಗೆ ಇನ್ನೊಂದು ಸಾವಿನ ಮನೆಗೆ ಹೋಗಬೇಕೆಂದು ವ್ಯಾನಿನವನು ಬೆಳಿಗ್ಗೆಯೇ ಹೇಳಿಟ್ಟಿದ್ದ.

“ಚೀಟಿ ನೋಡಿ,” ಎಂದು ಅವಳು ಮತ್ತೆ ಕಂಬಿಯ ನಡುವೆ ಕೈ ತೂರಿಸಿದಳು. “ಏಳನೇ ಸಾಲು, ಹತ್ತೊಂಬತ್ತು. ಕಾಯ್ದಿರಿಸಲಾಗಿದೆ ಅಂತ ಬರೆದಿದೆ. ಮುದ್ರೆ ಇದೆ. ಹದಿನೆಂಟರಲ್ಲಿ ನಮ್ಮಮ್ಮ ಇದ್ದಾಳೆ.”

“ಚೀಟಿ ಸರಿಯಾಗೇ ಇದೆ. ಚೀಟಿ ಸುಳ್ಳು ಅಂತ ಯಾರು ಹೇಳಿದ್ರು? ಆದೇಶ ಬಂದು ಆರು ವರ್ಷ ಆಯ್ತು. ಪಕ್ಕದಲ್ಲಿ ಕುಡಿಯೋ ನೀರಿನ ತೊಟ್ಟಿ ಕಟ್ಟಿದಾಗ್ಲೇ ಈ ಜಾಗ ಮುಚ್ಚಿದ್ರು. ಹೂಳೋ ಹಾಗಿಲ್ಲ, ನೋಡೋಕೆ ಬರೋ ಹಾಗೂ ಇಲ್ಲ.”

“ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಇದಕ್ಕೇ,” ಎಂದ ಚಿಕ್ಕಪ್ಪ. ಅವನು ಅಪ್ಪನ ಒಬ್ಬನೇ ತಮ್ಮ. ಬಾಯಿಗೆ ಬಂದದ್ದನ್ನು ತಲೆಗೆ ಕೇಳದೆಯೇ ಆಡಿಬಿಡುವವನು. ಅವನ ಇಬ್ಬರು ಗಂಡುಮಕ್ಕಳು ಹೊರುವುದಕ್ಕೆಂದು ಬಂದು, ಹೊರಲು ಏನೂ ಇಲ್ಲದೆ ವ್ಯಾನಿನ ನೆರಳಿನಲ್ಲಿ ನಿಂತಿದ್ದರು.

ಮಗಳಿಗೆ ಆದೇಶದ ವಿಷಯ ಗೊತ್ತಿರಲಿಲ್ಲ. ಅವಳು ಬೇರೆ ಊರಿನಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವಳು. ಅಪ್ಪ ಹಾಸಿಗೆ ಹಿಡಿದ ಮೇಲೆ, ಹದಿನಾಲ್ಕು ತಿಂಗಳ ಹಿಂದೆ, ಕೆಲಸ ಬಿಟ್ಟು ಬಂದಿದ್ದಳು. ಅಮ್ಮನ ಸಮಾಧಿ ನೋಡಿ ಬರುತ್ತೇನೆ ಎಂದಾಗಲೆಲ್ಲ ಅಪ್ಪ, “ಗೇಟು ದುರಸ್ತೀಲಿದೆ, ಆಮೇಲೆ ಹೋಗುವೆಯಂತೆ,” ಎಂದು ಗೋಡೆಯ ಕಡೆ ಹೊರಳುತ್ತಿದ್ದ. ಹೋದ ವಾರ ಉಸಿರು ಕಟ್ಟುತ್ತಿದ್ದಾಗ ಅವಳು ಅವನ ಕೈ ಹಿಡಿದು, “ಅಮ್ಮನ ಪಕ್ಕದಲ್ಲೇ ಮಲಗಿಸ್ತೀನಿ, ಹೆದರಬೇಡ,” ಎಂದಿದ್ದಳು. ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಸಂತೋಷಕ್ಕೆ ಎಂದುಕೊಂಡಿದ್ದಳು.

“ಅಣ್ಣನಿಗೆ ಇಷ್ಟು ಜನ ಬರ್ತಾರೆ ಅಂತ ನನಗೇ ಗೊತ್ತಿರಲಿಲ್ಲ ನೋಡು,” ಎಂದ ಚಿಕ್ಕಪ್ಪ. “ಮನೇಲಿ ಎರಡು ಕುರ್ಚಿ ಹಾಕಿದ್ರೆ ಒಂದು ಯಾವಾಗ್ಲೂ ಖಾಲಿ ಇರ್ತಿತ್ತು.”

ಮಗಳು ತಿರುಗಿ ನೋಡಿದಳು. ರಸ್ತೆಯ ಆಚೆ ಬದಿಯ ಮರದ ಕೆಳಗೆ ಮೂವತ್ತು ಮಂದಿಯಾದರೂ ಇದ್ದರು. ಎಲ್ಲರೂ ವಯಸ್ಸಾದವರು. ಕೆಲವರು ಮಡಚುವ ಸ್ಟೂಲು ತಂದುಕೊಂಡಿದ್ದರು. ಯಾರೂ ವ್ಯಾನಿನ ಹತ್ತಿರ ಬಂದಿರಲಿಲ್ಲ, ಯಾರೂ ಅತ್ತಿರಲಿಲ್ಲ. ಅವರಲ್ಲಿ ಎಲ್ಲರಿಗಿಂತ ಮುದುಕ, ಹಿಂದೆ ಬಸ್ಸು ಓಡಿಸುತ್ತಿದ್ದವನು, ಎಲ್ಲರೂ ಡ್ರೈವರಜ್ಜ ಎನ್ನುವವನು, ನಿಧಾನಕ್ಕೆ ರಸ್ತೆ ದಾಟಿ ಬಂದ.

“ನಾವು ಅವರ ಸಲುವಾಗಿ ಬಂದೋರಲ್ಲ ಮಗಳೇ. ಸುಳ್ಳು ಯಾಕೆ ಹೇಳ್ಲಿ,” ಎಂದು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಚೀಟಿಯೊಂದನ್ನು ತೆಗೆದ. ಅವಳ ಕೈಯಲ್ಲಿದ್ದಂಥದೇ ಚೀಟಿ. “ಮೂರನೇ ಸಾಲಲ್ಲಿ ನನ್ನ ಹೆಂಡ್ತಿ. ಪಕ್ಕದ ಜಾಗ ನಂದು. ಇಲ್ಲಿರೋರೆಲ್ಲ ಹಾಗೇ. ನಮ್ಮಲ್ಲಿ ಒಂಬತ್ತು ಜನ ಆಗಲೇ ಸತ್ರು. ಅವರನ್ನೆಲ್ಲ ಈ ಗೇಟಿಂದ ವಾಪಸ್ ಕಳ್ಸಿ ಊರಾಚೆ ಹೊಸ ಸ್ಮಶಾನದಲ್ಲಿ ಹಾಕಿದ್ರು. ನಿಮ್ಮಪ್ಪ ಆಫೀಸಿನ ಮನುಷ್ಯ. ಅವರಿಗೆ ತೆಗೆದ್ರೆ ನಮಗೂ ತೆಗೀಲೇಬೇಕಲ್ಲ ಅಂತ ನೋಡೋಕೆ ಬಂದಿದೀವಿ.”

*

ಅಪ್ಪ ನಗರಸಭೆಯ ಆದೇಶ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದ. ಹೊಸ ಆದೇಶ ಬರೆಯಲು ಬೇರೆಯವರಿದ್ದರು. ಇದ್ದ ಆದೇಶವನ್ನು ಇಲ್ಲವಾಗಿಸುವ ಕರಡು ಬರೆಯುವುದು ಅವನ ಪಾಲಿಗೆ ಬಂದ ಕೆಲಸ. ಕಟ್ಟುವುದು ಸುಲಭ, ಪಕ್ಕದ ಗೋಡೆ ಬೀಳದ ಹಾಗೆ ಕೆಡವುವುದು ಕಷ್ಟ ಎನ್ನುತ್ತಿದ್ದ. ಕಚೇರಿಯಲ್ಲಿ ಅವನನ್ನು ರದ್ದು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ವಿಭಾಗದವರಿಗೇ ಆಗಲಿ ಎಲ್ಲಿ ಯಾವ ಪದ ಹಾಕಬೇಕೆಂದು ಅನುಮಾನ ಬಂದರೆ ಅವನ ಮೇಜಿಗೇ ಬರಬೇಕಿತ್ತು.

ಮನೆಯಲ್ಲೂ ಅದೇ ಪಾಠ. ಊಟಕ್ಕೆ ಕೂತಾಗ ಹತ್ತು ವರ್ಷದ ಮಗಳಿಗೆ ಹೇಳುತ್ತಿದ್ದ:

“ಹಿಂಪಡೆಯೋದು ಅಂದ್ರೆ ಹೊರಡಿಸಿದೋನೇ ವಾಪಸ್ ತಗೊಳ್ಳೋದು. ನಾನು ನಿನ್ನ ಬೈದೆ, ಆಮೇಲೆ ತಪ್ಪಾಯ್ತು ಅಂದೆ, ಹಾಗೆ. ನಾನು ಬೈದದ್ದನ್ನ ಪಕ್ಕದ ಮನೆಯೋನು ಹಿಂಪಡೆಯೋಕಾಗಲ್ಲ. ತಳ್ಳಿಹಾಕೋದು ಮೇಲಿನೋರ ಕೆಲಸ. ರದ್ದು ಅಂದ್ರೆ ಇವತ್ತಿನಿಂದ ಇಲ್ಲ, ಆದ್ರೆ ನಿನ್ನೆವರೆಗೆ ಇತ್ತು ಅನ್ನೋದು ನಿಜಾನೇ.”

“ಅಸಿಂಧು?”

“ಅಸಿಂಧು ಅಂದ್ರೆ ಅದು ಯಾವತ್ತೂ ಇರಲೇ ಇಲ್ಲ ಅಂತ. ಆ ಪದ ಬರೆಯೋವಾಗ ಕೈ ನಡುಗಬೇಕು.”

“ತಡೆ ಅಂದ್ರೆ?”

“ಕೊಂದಿಲ್ಲ, ಕಟ್ಟಿಹಾಕಿದೆ ಅಂತ. ಹಗ್ಗ ಬಿಚ್ಚಿದ್ರೆ ಎದ್ದು ಓಡುತ್ತೆ.”

ಅಮ್ಮ ಒಲೆಯ ಹತ್ತಿರದಿಂದಲೇ, “ನಿಮ್ಮನ್ನ ಕಟ್ಟಿಕೊಂಡಿದ್ದೇ ಅಸಿಂಧು ಅಂತ ಬರೆಸಿಬಿಡ್ತೀನಿ ಒಂದು ದಿನ,” ಎನ್ನುತ್ತಿದ್ದಳು.

“ಬರೆಸು. ಆದ್ರೆ ಕೊನೇಲಿ ಉಳಿಕೆಯ ವಾಕ್ಯ ಹಾಕಿಸೋದು ಮರೀಬೇಡ. ಇಲ್ಲಾಂದ್ರೆ ಇವಳ ಗತಿ ಏನು?” ಎಂದು ಅಪ್ಪ ಮಗಳ ತಲೆ ಮುಟ್ಟುತ್ತಿದ್ದ.

ಆ ಉಳಿಕೆಯ ವಾಕ್ಯವನ್ನು ಅಪ್ಪ ಪ್ರತಿ ಕರಡಿನ ಕೊನೆಗೂ ತನ್ನ ಕೈಯಾರೆ ಬರೆಯುತ್ತಿದ್ದ. ‘ಈ ಆದೇಶಕ್ಕೆ ಮೊದಲು ನಡೆದ ಕೆಲಸವಾಗಲಿ, ಕೊಟ್ಟ ಹಕ್ಕಾಗಲಿ ಇದರಿಂದ ಬಾಧಿತವಾಗತಕ್ಕದ್ದಲ್ಲ.’ ಮೇಲಿನವರು ಒಂದು ಕಾನೂನನ್ನೇ ಹೊಡೆದುಹಾಕಲಿ, ಅದನ್ನು ನಂಬಿ ಕೂತ ಬಡಪಾಯಿ ನಡುನೀರಲ್ಲಿ ಮುಳುಗಬಾರದು ಎಂಬುದು ಅವನ ಲೆಕ್ಕಾಚಾರ. ಅವನು ಹಟ ಹಿಡಿದದ್ದು ಅದೊಂದಕ್ಕೇ ಇರಬೇಕು. ಮಿಕ್ಕಂತೆ ಅವನು ತರಕಾರಿಯವಳು ಕೊಟ್ಟ ಕೊಳೆತ ಟೊಮೆಟೊವನ್ನೂ ಮರುಮಾತಿಲ್ಲದೆ ತರುವ ಮನುಷ್ಯ.

*

ಒಂದು ಗಂಟೆಗೆ ಮಗಳು ನಗರಸಭೆಯ ಅಧಿಕಾರಿಯ ಎದುರು ಕೂತಿದ್ದಳು. ಜೊತೆಗೆ ಟೈಪಿಸ್ಟ್ ಅಕ್ಕ ಬಂದಿದ್ದಳು. ಅಪ್ಪನ ಕರಡುಗಳನ್ನೆಲ್ಲ ಇಪ್ಪತ್ತೇಳು ವರ್ಷ ಟೈಪು ಮಾಡಿ ನಿವೃತ್ತಳಾದವಳು. ಕೋಲೂರಿ ನಡೆಯುವ ಅರವತ್ತೈದರ ಹೆಂಗಸು. ಸಾವಿನ ಮನೆಗೆ ಕಚೇರಿಯ ಪರವಾಗಿ ಬಂದವಳು ಅವಳೊಬ್ಬಳೇ.

“ಆ ಆದೇಶ ಹಿಂಪಡೀರಿ ಸರ್,” ಎಂದಳು ಮಗಳು.

“ಹೊರಡಿಸಿದ್ದು ಸಭೆ. ಸಭೆಯೇ ಹಿಂಪಡೀಬೇಕು. ಮುಂದಿನ ಸಭೆ ಬರೋ ತಿಂಗಳು,” ಎಂದ ಅಧಿಕಾರಿ. ಅವನು ಕೆಟ್ಟವನೇನಲ್ಲ. ಅಪ್ಪನ ಕೈಕೆಳಗೇ ಕೆಲಸ ಕಲಿತವನು.

“ರದ್ದು ಮಾಡಿ.”

“ಅದಕ್ಕೂ ಸಭೆಯೇ ಆಗಬೇಕು.”

“ಹೋಗ್ಲಿ, ತಡೆ ಕೊಡಿ. ಒಂದೇ ಗಂಟೆ ಸಾಕು.”

“ತಡೆ ಕೊಡೋದು ಕೋರ್ಟಮ್ಮ. ಅರ್ಜಿ ಹಾಕಿದ್ರೆ ಎರಡು ವಾರ ಹಿಡಿಯುತ್ತೆ.”

“ಬಿಸಿಲಲ್ಲಿ ಅಪ್ಪ ಎರಡು ವಾರ ಕಾಯ್ತಾನಾ?” ಎಂದಳು ಮಗಳು. “ಇಷ್ಟೊಂದು ಪದ ಇದೆ. ಒಂದಾದ್ರೂ ನಿಮ್ಮ ಕೈಲಿಲ್ವಾ?”

ಆಗ ಅವಳಿಗೆ ಥಟ್ಟನೆ ನೆನಪಾಯಿತು. ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು.

“ಫೈಲು ತೆಗೆಸಿ,” ಎಂದಳು. “ಆರು ವರ್ಷದ ಹಿಂದೆ ಅಪ್ಪ ಕೆಲಸದಲ್ಲೇ ಇದ್ದ. ಕರಡು ಅವನೇ ಬರೆದಿರ್ತಾನೆ. ಅವನು ಬರೆದ ಮೇಲೆ ಉಳಿಕೆಯ ವಾಕ್ಯ ಇದ್ದೇ ಇರುತ್ತೆ. ಮೊದಲೇ ಚೀಟಿ ತಗೊಂಡೋರಿಗೆ ಆದೇಶ ತಾಗಲ್ಲ ಅಂತ ಇರುತ್ತೆ. ಇವರು ಕೊನೇ ಹಾಳೆ ಓದಿಲ್ಲ, ಅಷ್ಟೆ.”

ಟೈಪಿಸ್ಟ್ ಅಕ್ಕ ಅವಳ ಮುಂಗೈ ಹಿಡಿದಳು. “ಬೇಡ ಕಣೇ. ಫೈಲು ತೆಗೆಸಬೇಡ.”

“ಯಾಕೆ?”

“ಅದರಲ್ಲಿ ಆ ವಾಕ್ಯ ಇಲ್ಲ.”

ಫೈಲು ಬಂತು. ಅಕ್ಕ ಹೇಳಿದಂತೆಯೇ ಇತ್ತು. ಸ್ಮಶಾನ ಮುಚ್ಚಲಾಗಿದೆ, ಕಾಯ್ದಿರಿಸಿದ ನೂರ ನಲವತ್ತು ಚೀಟಿಗಳನ್ನು ರದ್ದುಪಡಿಸಲಾಗಿದೆ. ಅಲ್ಲಿಗೆ ಮುಗಿದಿತ್ತು. ಕೆಳಗೆ ಎರಡು ಬೆರಳಗಲದ ಖಾಲಿ ಜಾಗ. ಅಂಚಿನಲ್ಲಿ ಅಪ್ಪನ ಗುಂಡು ಅಕ್ಷರದ ಟಿಪ್ಪಣಿ: ‘ಕರಡು ಬರೆದವನ ಹೆಸರಿನಲ್ಲೂ ಒಂದು ಚೀಟಿ ಇರುವುದರಿಂದ, ಆತನಿಗೆ ಲಾಭವಾಗುವ ಕಾರಣ, ಉಳಿಕೆಯ ವಾಕ್ಯವನ್ನು ಕೈಬಿಡಲಾಗಿದೆ.’

ಮಗಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದಲು ಹೋದರೆ ಅಕ್ಷರಗಳು ಕಲಸಿಕೊಂಡವು.

*

“ನಾನೇ ಟೈಪು ಮಾಡಿದ್ದು,” ಎಂದು ಟೈಪಿಸ್ಟ್ ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಕೂತು ಹೇಳಿದಳು. ಅಧಿಕಾರಿ ಒಳಗೆ ಯಾರಿಗೋ ಫೋನು ಮಾಡುತ್ತಿದ್ದ.

ಅವತ್ತು ಮಧ್ಯಾಹ್ನ ಕರಡು ಅವಳ ಮೇಜಿಗೆ ಬಂದಾಗ ಕೊನೆಯ ವಾಕ್ಯ ಇಲ್ಲದ್ದು ನೋಡಿ, ಮರೆತಿರಬೇಕೆಂದು ಅವಳೇ ಟೈಪು ಮಾಡಿ ಸೇರಿಸಿದ್ದಳಂತೆ. ಅಪ್ಪ ಬಂದು ಓದಿ, ಹಾಳೆಯನ್ನು ಹರಿದು, ಮತ್ತೊಂದು ಮಾಡಿ ಎಂದನಂತೆ.

“ಮೇಷ್ಟ್ರೇ, ಇದೇನು ನಿಮ್ಮನೆ ಆಸ್ತಿನಾ? ನೂರ ನಲವತ್ತು ಜನ ಇದ್ದಾರೆ ಅಂದೆ. ನೂರ ನಲವತ್ತರಲ್ಲಿ ಒಬ್ಬ ನಾನು, ನನಗೆ ಬೇಕಾದ ವಾಕ್ಯ ನಾನೇ ಬರೆದುಕೊಂಡ ಹಾಗಾಗುತ್ತೆ ಅಂದ್ರು. ಬೇರೆಯೋರ ಕೈಲಿ ಬರೆಸಿ ಅಂದೆ. ಅವರೂ ನನ್ನ ಮುಖ ನೋಡಿ ತಾನೇ ಬರೆಯೋದು ಅಂದ್ರು. ಸಭೇಲಿ ಯಾರಾದ್ರೂ ಓದಿ ಸೇರಿಸ್ತಾರೆ ಅಂತ ನಂಬಿದ್ರು ಪಾಪ. ಅಲ್ಲಿ ಯಾರು ಓದ್ತಾರೆ? ಇಪ್ಪತ್ತು ಫೈಲಿಗೆ ಒಂದೇ ಉಸಿರಲ್ಲಿ ಸಹಿ ಬಿತ್ತು.”

“ನೀವಾದ್ರೂ ಜಗಳ ಆಡಬೇಕಿತ್ತು.”

ಅಕ್ಕ ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. “ನಂದೂ ಒಂದು ಚೀಟಿ ಇದೆ, ನಮ್ಮಕ್ಕನ ಪಕ್ಕದಲ್ಲಿ. ಅವರು ಹಾಗಂದ ಮೇಲೆ ನನಗೂ ಬಾಯಿ ಕಟ್ಟಿಹೋಯ್ತು.”

ಮಗಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತವನ ಭುಜ ಹಿಡಿದು ಅಲುಗಿಸಿ ಕೇಳಬೇಕೆನಿಸುವಷ್ಟು ಸಿಟ್ಟು. ಲಂಚ ತಿನ್ನುವವರು ಒಂದೋ ಎರಡೋ ಮನೆ ಹಾಳು ಮಾಡುತ್ತಾರೆ, ನನ್ನಪ್ಪ ಪ್ರಾಮಾಣಿಕನಾಗಿ ನೂರ ನಲವತ್ತು ಮನೆ ಹಾಳು ಮಾಡಿದ ಎಂದುಕೊಂಡಳು. ಅಮ್ಮನ ಪಕ್ಕದ ತನ್ನ ಜಾಗವನ್ನೂ ಅವನು ಉಳಿಸಿಕೊಳ್ಳಲಿಲ್ಲ.

ಅಧಿಕಾರಿ ಒಳಗೆ ಕರೆದ. ಅವನ ಮುಂದೆ ಏಳು ಅರ್ಜಿಗಳಿದ್ದವು. ನಿವೃತ್ತಿಯಾದ ಮರುವಾರದಿಂದ ಅಪ್ಪ ಬರೆದು ಕಳಿಸಿದವು. ಉಳಿಕೆಯ ವಾಕ್ಯ ಸೇರಿಸಿ ಆದೇಶ ತಿದ್ದಬೇಕೆಂದು ಏಳರಲ್ಲೂ ಕೇಳಿಕೊಂಡಿದ್ದ. ಏಳರಲ್ಲೂ ಕೊನೆಗೆ, ‘ಅರ್ಜಿದಾರನ ಚೀಟಿಯೊಂದನ್ನು ಹೊರತುಪಡಿಸಿ’ ಎಂದಿತ್ತು. ಕೊನೆಯದರಲ್ಲಿ ಅಕ್ಷರ ಸೊಟ್ಟಗಿತ್ತು. ಹಾಸಿಗೆಯಲ್ಲಿ ಮಲಗಿಯೇ ಬರೆದಿರಬೇಕು. ಅದನ್ನು ಅಂಚೆಗೆ ಹಾಕಿದವಳು ಅವಳೇ. ಯಾವುದೋ ಪಿಂಚಣಿಯ ಕಾಗದ ಎಂದುಕೊಂಡಿದ್ದಳು.

“ಏಳಕ್ಕೂ ಉತ್ತರ ಕೊಡಲಿಲ್ವಾ?” ಎಂದು ಕೇಳಿದಳು.

“ಪರಿಶೀಲನೆಯಲ್ಲಿದೆ ಅಂತ ಕೊಟ್ಟಿದ್ದೆ,” ಎಂದು ಅಧಿಕಾರಿ ತಲೆ ತಗ್ಗಿಸಿದ. ಆಮೇಲೆ ಒಂದು ಹಾಳೆಯನ್ನು ಮುಂದೆ ತಳ್ಳಿದ. “ನನ್ನ ಕೈಲಿರೋ ಪದ ಒಂದೇ. ವಿನಾಯಿತಿ. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಇಲ್ಲಿ ಸೇವೆ ಮಾಡಿದೋರಿಗೆ, ಚೀಟಿ ಇದ್ರೆ, ನಾನು ಕೊಡಬಹುದು. ಆದೇಶ ಹಾಗೇ ಇರುತ್ತೆ. ಇವರೊಬ್ಬರ ಮಟ್ಟಿಗೆ ಕಣ್ಣು ಮುಚ್ಚಿಕೊಂಡಿರುತ್ತೆ. ಗುಂಡಿ ನಮ್ಮ ಕೆಲಸದೋರು ನೀರಿನ ತೊಟ್ಟಿ ಕಡೆಯಿಂದ ಹೋಗಿ ತೋಡ್ತಾರೆ. ಮನೆಯೋರು ಐದು ಜನ, ಮೂರು ಗಂಟೆಗೆ, ಅರ್ಧ ಗಂಟೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಪ್ಪನ ಶಿಷ್ಯ ಚೆನ್ನಾಗಿಯೇ ಕಲಿತಿದ್ದ.

“ಮೇಷ್ಟ್ರು ಇದ್ದಿದ್ರೆ ಈ ಕಾಗದ ಮುಟ್ತಿರಲಿಲ್ಲ,” ಎಂದಳು ಅಕ್ಕ ಮೆಲ್ಲಗೆ.

“ಅಪ್ಪ ಇಲ್ಲ,” ಎಂದು ಮಗಳು ಹಾಳೆಯನ್ನು ತೆಗೆದುಕೊಂಡಳು.

*

ಮೂರು ಗಂಟೆಗೆ ವ್ಯಾನು ಗೇಟಿನ ಮುಂದೆ ಹಿಮ್ಮುಖವಾಗಿ ಬಂದು ನಿಂತಿತು. ಕಾವಲುಗಾರ ಕಾಗದವನ್ನು ಓದಿ ಬೀಗಕ್ಕೆ ಎಣ್ಣೆ ಬಿಟ್ಟ. ಮರದ ಕೆಳಗಿದ್ದವರೆಲ್ಲ ಎದ್ದರು. ಸ್ಟೂಲುಗಳನ್ನು ಮಡಚಿದರು. ಅಷ್ಟೂ ಜನ ರಸ್ತೆ ದಾಟಿ ಬಂದು ವ್ಯಾನನ್ನು ಸುತ್ತುವರಿದರು. ಎಲ್ಲರ ಕೈಯಲ್ಲೂ ಚೀಟಿ ಇತ್ತು.

“ಹೋಯ್ತಾ ಮಗಳೇ ಆದೇಶ?” ಎಂದು ಡ್ರೈವರಜ್ಜ ಕೇಳಿದ. ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮುಖ.

ಸುಳ್ಳು ಹೇಳಿ ಒಳಗೆ ಹೋಗಿಬಿಡೋಣ ಅನ್ನಿಸಿತು ಅವಳಿಗೆ, ಆದರೆ ನಿಜವನ್ನೇ ಹೇಳಿದಳು. “ಇಲ್ಲ ಅಜ್ಜ. ಆದೇಶ ಹಾಗೇ ಇದೆ. ಆಫೀಸಲ್ಲಿ ಕೆಲಸ ಮಾಡಿದೋರು ಅಂತ ಅಪ್ಪನಿಗೊಬ್ಬನಿಗೆ ಬಿಟ್ಟಿದ್ದಾರೆ.”

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹಿಂದೆ ನಿಂತಿದ್ದ ಒಬ್ಬಳು, ದಪ್ಪ ಗಾಜಿನ ಕನ್ನಡಕದ ಹೆಂಗಸು, ಚೀಟಿಯನ್ನು ಕೈಚೀಲಕ್ಕೆ ಹಾಕಿ ಜಿಪ್ಪು ಎಳೆದುಕೊಂಡಳು. ಆ ಜಿಪ್ಪಿನ ಸದ್ದು ಎಲ್ಲರಿಗೂ ಕೇಳಿಸಿತು.

ಚಿಕ್ಕಪ್ಪನ ಮಕ್ಕಳು ಅಪ್ಪನನ್ನು ಎತ್ತಿಕೊಂಡರು. ಮಗಳು ಗೇಟು ದಾಟುವಾಗ ಡ್ರೈವರಜ್ಜ ಅವಳ ತೋಳು ಮುಟ್ಟಿದ.

“ಒಂದು ಮಾತು. ಮೂರನೇ ಸಾಲು, ನಾಲ್ಕನೇದು. ಹುಲ್ಲು ಬೆಳೆದು ಹೆಸರು ಮುಚ್ಚಿಹೋಗಿರುತ್ತೆ. ಕೈಲಾದಷ್ಟು ಕಿತ್ತು ಬರ್ತೀಯಾ? ಅವಳಿಗೆ ಕಸ ಕಂಡ್ರೆ ಆಗ್ತಿರಲಿಲ್ಲ.”

ಅವಳು ಹೂಂ ಎಂದದ್ದೇ ತಪ್ಪಾಯಿತು, ಅಥವಾ ಸರಿಯಾಯಿತು. “ನಮ್ಮವರದ್ದೂ ಒಂಚೂರು,” ಎಂದು ಇನ್ನೊಬ್ಬಳು ಚೀಟಿ ಕೊಟ್ಟಳು. “ನನ್ನ ತಮ್ಮ, ಒಂಬತ್ತನೇ ಸಾಲು.” “ನನ್ನ ಮಗು, ಗೋಡೆ ಪಕ್ಕ, ಸಣ್ಣ ಕಲ್ಲು.” ಕೈಚೀಲದ ಜಿಪ್ಪು ಮತ್ತೆ ತೆರೆಯಿತು. ಕಾವಲುಗಾರ ಗೇಟು ಹಾಕುವ ಹೊತ್ತಿಗೆ ಅವಳ ಕೈಯಲ್ಲಿ ಮೂವತ್ತೊಂದು ಚೀಟಿಗಳಿದ್ದವು.

ಒಳಗೆ ಸೊಂಟದೆತ್ತರಕ್ಕೆ ಹುಲ್ಲು. ಏಳನೆಯ ಸಾಲಿನಲ್ಲಿ ಹಸಿ ಮಣ್ಣಿನ ಗುಂಡಿ, ಪಕ್ಕದಲ್ಲಿ ಅಮ್ಮನ ಕಲ್ಲು. ಅಪ್ಪನನ್ನು ಇಳಿಸಿದರು. ಕೊನೆಗೂ ಅಮ್ಮನಿಗೂ ಅವನಿಗೂ ನಡುವೆ ಒಂದು ಮೊಳ ಮಣ್ಣು ಮಾತ್ರ ಉಳಿಯಿತು. ಇಷ್ಟಕ್ಕಾಗಿ ಅವಳು ಬೆಳಗಿನಿಂದ ನಾಯಿಯಂತೆ ಓಡಿದ್ದಳು. ಅವಳಿಗೆ ಸಮಾಧಾನವೇ ಆಗಲಿಲ್ಲ. ಅವನು ಏಳು ಸಲ ಬರೆದು ಬೇಡವೆಂದ ಜಾಗದಲ್ಲೇ ಅವನನ್ನು ಮಲಗಿಸಿದ್ದಳು. ಅವನು ಬೇಕೆಂದದ್ದು ಮಾತ್ರ ಗೇಟಿನಾಚೆ ನಿಂತಿತ್ತು. ಗಡಿಯಾರ ನೋಡಿದಳು. ಇನ್ನು ಇಪ್ಪತ್ತು ನಿಮಿಷ ಉಳಿದಿತ್ತು.

“ಎಲ್ಲಿಗೆ ಹೊರಟೆ?” ಎಂದ ಚಿಕ್ಕಪ್ಪ. “ಮಣ್ಣು ಹಾಕೋದು ಬಿಟ್ಟು ಯಾರದೋ ಹುಲ್ಲು ಕೀಳ್ತೀಯಾ? ನಿನಗೇನು ತಲೆ ಕೆಟ್ಟಿದೆಯಾ?”

“ಹೋಗೇ,” ಎಂದಳು ಟೈಪಿಸ್ಟ್ ಅಕ್ಕ, ಕೋಲು ಪಕ್ಕಕ್ಕಿಟ್ಟು ಮಣ್ಣಿನ ಗುಡ್ಡೆಯ ಹತ್ತಿರ ಕೂರುತ್ತ. “ನಿನ್ನ ಪಾಲಿನ ಮಣ್ಣು ನಾನು ಹಾಕ್ತೀನಿ.”

ಮೂರನೆಯ ಸಾಲು, ನಾಲ್ಕು. ಮಂಡಿಯೂರಿ ಎರಡೂ ಕೈಯಲ್ಲಿ ಎಳೆದಳು. ಹುಲ್ಲಿನ ಅಂಚು ಬೆರಳು ಕೊಯ್ಯಿತು. ಹೆಸರು ಕಂಡೊಡನೆ ಸೆರಗಿನಿಂದ ಒರಸಿ ಎದ್ದಳು. ಒಂಬತ್ತನೆಯ ಸಾಲು. ಗೋಡೆಯ ಪಕ್ಕದ ಸಣ್ಣ ಕಲ್ಲು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಾಗ ಅದು ಅವಳ ಅಂಗೈಯಷ್ಟೇ ಇತ್ತು. ಸಾಲಿನಿಂದ ಸಾಲಿಗೆ ಓಡಿದಳು. ಗೋಡೆಯಾಚೆಯಿಂದ ಯಾರೋ, “ಹನ್ನೊಂದನೇ ಸಾಲು ಮರೀಬೇಡಮ್ಮ,” ಎಂದರು. ಅದನ್ನು ಕೇಳಿ ಎಲ್ಲರೂ ತಮ್ಮ ತಮ್ಮ ಸಾಲು ಹೇಳತೊಡಗಿದರು. ಸಂಖ್ಯೆಗಳು ಒಂದರ ಮೇಲೊಂದು ಬಿದ್ದವು. ಅವಳು ಅಪ್ಪನ ಕಡೆ ಬೆನ್ನು ಹಾಕಿ ಕಿತ್ತೇ ಕಿತ್ತಳು. ಹಿಂದೆ ಸನಿಕೆಯ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಕಾವಲುಗಾರ ಸೀಟಿ ಊದಿದಾಗ ಹದಿನೈದು ಕಲ್ಲು ಆಗಿತ್ತು. ಹದಿನಾರು ಉಳಿದಿದ್ದವು. ಇನ್ನು ಐದು ನಿಮಿಷ ಎಂದು ಅಂಗಲಾಚಿದಳು. ನನ್ನ ಕೆಲಸ ಹೋಗುತ್ತಮ್ಮ ಎಂದು ಅವನೂ ಅಂಗಲಾಚಿದ. ಬೀಗ ಬಿತ್ತು.

ಹೊರಗೆ ಅವಳು ಚೀಟಿಗಳನ್ನು ಹಿಂದಿರುಗಿಸಿದಳು. ಆದವರು ಅವಳ ರಕ್ತ ಒಸರುವ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು. ಆಗದವರು ಚೀಟಿ ತೆಗೆದುಕೊಂಡು ಅಲ್ಲೇ ನಿಂತರು. “ಕ್ಷಮಿಸಿ” ಎಂದು ಒಬ್ಬೊಬ್ಬರಿಗೂ ಹೇಳುತ್ತ ಹೋದಳು. ಹದಿನಾರು ಸಲ ಹೇಳಿದಳು.

ದಪ್ಪ ಗಾಜಿನ ಕನ್ನಡಕದ ಹೆಂಗಸು ಹೋಗದೆ ನಿಂತಿದ್ದಳು.

“ತಪ್ಪು ತಿಳೀಬೇಡಿ,” ಎಂದಳು. “ಆಫೀಸಲ್ಲಿ ಕೆಲಸ ಮಾಡಿ, ಚೀಟಿ ಇರೋರು ಇನ್ಯಾರಾದ್ರೂ ಇದ್ದಾರಾ?”

ಮಗಳು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, “ಇದ್ದಾರಲ್ಲ, ನಮ್ಮ ಟೈಪಿಸ್ಟ್ ಅಕ್ಕ. ಅವರದ್ದೂ ಒಂದು ಚೀಟಿ ಇದೆ ಅಂತ ಈಗ ತಾನೇ ಒಳಗೆ ಹೇಳ್ತಿದ್ರು,” ಎಂದುಬಿಟ್ಟ.

ಅಕ್ಕ ಆಗ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ವ್ಯಾನಿನ ಬಾಗಿಲು ಹಿಡಿದು, ಎತ್ತರದ ಮೆಟ್ಟಿಲಿಗೆ ಕಾಲಿಡಲು ಹೆಣಗುತ್ತಿದ್ದಳು. ಹದಿನಾರು ಮಂದಿ ಅವಳ ಕಡೆ ತಿರುಗಿದರು. ಯಾರೋ ಮಡಚಿದ ಸ್ಟೂಲು ಬಿಚ್ಚಿ ಅವಳ ಕಾಲ ಕೆಳಗಿಟ್ಟರು. ಇನ್ನೊಬ್ಬರು ಕೋಲು ಹಿಡಿದುಕೊಂಡರು. ಕನ್ನಡಕದ ಹೆಂಗಸು ಮೊಣಕೈಗೆ ಆಸರೆ ಕೊಟ್ಟು, ಮಗುವನ್ನು ಮಾತಾಡಿಸುವಷ್ಟು ಮೆತ್ತಗೆ ಕೇಳಿದಳು:

“ಆರೋಗ್ಯ ಹೇಗಿದೆ ಅಕ್ಕಾ, ಈಚೆಗೆ?”